ಒಂದೇ ಸ್ಕ್ಯಾನರ್, ಎರಡು ಉತ್ತರ

ಟೇಕಲ್‌ನಂಥ ಹೋಬಳಿ ಊರಿನಲ್ಲಿ ಒಂದೇ ಅಂಗಡಿ ನಾಲ್ಕು ಕೆಲಸ ಮಾಡುತ್ತದೆ: ಜೆರಾಕ್ಸ್, ನೋಟ್‌ಬುಕ್, ಮೊಬೈಲ್ ರೀಚಾರ್ಜ್, ನಾಡಕಚೇರಿಗೆ ಹೋಗುವವರ ಅರ್ಜಿ. ಬಿಲ್ಲಿಗೆ ಒಂದು ಕಂಪ್ಯೂಟರ್. ಅರ್ಜಿ ಟೈಪ್ ಮಾಡಲು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಇನ್ನೊಂದು. ಗಿರಾಕಿ ಹೆಚ್ಚಿದ ದಿನ ಎರಡರಲ್ಲೂ ಬಿಲ್ ಹಾಕಬೇಕು. ಆಗ ತಕರಾರು ಶುರು. ಮೊದಲನೆಯದಕ್ಕೆ ಸಿಕ್ಕಿಸಿದರೆ ಸರಿಯಾಗಿ ಓದುವ ಬಾರ್‌ಕೋಡ್ ಸ್ಕ್ಯಾನರ್, ಎರಡನೆಯದರಲ್ಲಿ ‘ಐಟಂ ಇಲ್ಲ’ ಅನ್ನಿಸುತ್ತದೆ. ಮಾಲೀಕರು ಹೊಸ ಸ್ಕ್ಯಾನರಿಗೆ ದುಡ್ಡು ಎಣಿಸುತ್ತಾರೆ. ನಾನಾದರೆ ಸ್ಕ್ಯಾನರನ್ನು ಕೊನೆಗೆ ಅನುಮಾನಿಸುತ್ತೇನೆ.

ಕಾರಣ ಬಾರ್‌ಕೋಡಿನ ಸಂಖ್ಯೆಯಲ್ಲೇ ಇದೆ. 1974ರ ಜೂನ್ 26ರಂದು ಅಮೆರಿಕದ ಒಹಾಯೊದಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣ ಗಲ್ಲಾದ ಮುಂದೆ ಸ್ಕ್ಯಾನ್ ಆದಾಗಿನಿಂದಲೂ ಬಾರ್‌ಕೋಡಿನ ಕೊನೆಯ ಅಂಕಿ ಇರುವುದು ತಾಳೆ ನೋಡುವುದಕ್ಕೆ. 8901234567890 ಎಂಬ ಸಂಖ್ಯೆ ನೋಡಿ. ಮೊದಲ 12 ಅಂಕಿಗಳಲ್ಲಿ ಎರಡನೆಯದು, ನಾಲ್ಕನೆಯದು ಹೀಗೆ ಸಮಸ್ಥಾನದವನ್ನು 3ರಿಂದ ಗುಣಿಸಿ, ಉಳಿದವನ್ನು ಹಾಗೇ ಸೇರಿಸಿದರೆ 130. ಹತ್ತರ ಗುಣಕವಾಗಲು ಇನ್ನೇನೂ ಸೇರಿಸಬೇಕಿಲ್ಲ, ಆದ್ದರಿಂದ ಕೊನೆಗೆ 0. ಲೆಕ್ಕ ಕೂಡದಿದ್ದರೆ ಸ್ಕ್ಯಾನರ್ ಬೀಪ್ ಅನ್ನುವುದೇ ಇಲ್ಲ. ಬೀಪ್ ಬಂದ ಮೇಲೂ ತಪ್ಪಾದರೆ, ಕೆಟ್ಟಿರುವುದು ಸಾಮಾನ್ಯವಾಗಿ ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಹೋಗುವ ದಾರಿಯಲ್ಲಿ.

ಆ ದಾರಿಯಾದರೂ ಏನು? ಬಹುಪಾಲು ಯುಎಸ್‌ಬಿ ಸ್ಕ್ಯಾನರುಗಳು ಕಂಪ್ಯೂಟರಿನ ಪಾಲಿಗೆ ವೇಗದ ಕೀಬೋರ್ಡ್, ಅಷ್ಟೆ. ಅವು ಕಳಿಸುವುದು ಅಕ್ಷರವನ್ನಲ್ಲ, ಯಾವ ಕೀ ಒತ್ತಿದ್ದಾಯಿತು ಎಂಬ ಸುದ್ದಿಯನ್ನು. ಅಂಗಡಿಯವರೇ ಅಚ್ಚು ಹಾಕಿದ ಲೇಬಲ್ಲಿನಲ್ಲಿ ‘ಕೆ’ ಎಂಬ ಇಂಗ್ಲಿಷ್ ದೊಡ್ಡಕ್ಷರ ಇದೆಯೆನ್ನಿ. ಅರ್ಜಿ ಬರೆದ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಮಣೆ ಹಾಗೇ ಉಳಿದಿದ್ದರೆ ಅಲ್ಲಿ ಬೀಳುವುದು ‘ಖ’. ಕ್ಯಾಪ್ಸ್ ಲಾಕ್ ಆನ್ ಇದ್ದರೆ ದೊಡ್ಡಕ್ಷರ ಚಿಕ್ಕದಾಗುತ್ತದೆ. ಹಳೇ ಯುಎಸ್‌ಬಿ ಹಬ್ ಅಥವಾ ನಿಧಾನದ ಕಂಪ್ಯೂಟರ್ ನಡುವಿನ ಒಂದೆರಡು ಅಂಕಿ ನುಂಗಬಹುದು. ಎಕ್ಸೆಲ್‌ನಲ್ಲಿ ಓದಿಸಿದರಂತೂ ಅದು ಸಂಖ್ಯೆಯ ಮೊದಲಲ್ಲಿರುವ ಸೊನ್ನೆಯನ್ನು ಕೇಳದೆ ಕಿತ್ತುಹಾಕುತ್ತದೆ.

ಹಾಗಾಗಿ ಬಿಲ್ಲಿಂಗ್ ತಂತ್ರಾಂಶ ಮುಚ್ಚಿ, ನೋಟ್‌ಪ್ಯಾಡ್ ತೆರೆಯಿರಿ. ಒಂದೇ ಪೊಟ್ಟಣವನ್ನು ಎರಡೂ ಕಡೆ ಸ್ಕ್ಯಾನ್ ಮಾಡಿ, ಬಿದ್ದದ್ದನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ಅಕ್ಷರ ಬದಲಾಗಿದ್ದರೆ ಭಾಷೆ ಅಥವಾ ಕ್ಯಾಪ್ಸ್ ಲಾಕ್. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಅಂಕಿ ಬಿಟ್ಟುಹೋಗಿದ್ದರೆ ಹಬ್ ತೆಗೆದು ನೇರ ಸಿಕ್ಕಿಸಿ. ಆಗಲೂ ಬಿಟ್ಟರೆ ಸ್ಕ್ಯಾನರಿನಲ್ಲಿ ಅಕ್ಷರಗಳ ನಡುವಿನ ಬಿಡುವು ಹೆಚ್ಚಿಸಿ. ನೋಟ್‌ಪ್ಯಾಡಿನಲ್ಲಿ ಎರಡೂ ಒಂದೇ ಇದ್ದರೆ ತಪ್ಪು ಬಿಲ್ಲಿಂಗ್ ತಂತ್ರಾಂಶದ್ದು: ಸಂಖ್ಯೆಯ ಕೊನೆಗೆ ಅದು ಕಾಯುವುದು ಎಂಟರ್‌ಗೋ ಟ್ಯಾಬ್‌ಗೋ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಸ್ಕ್ಯಾನರಿನ ಜತೆ ಬರುವ ಗೆರೆಗೆರೆ ಕಾಗದವನ್ನು ಎಸೆಯಬೇಡಿ. ಎಂಟರ್, ಟ್ಯಾಬ್, ಬಿಡುವು ಎಲ್ಲವನ್ನೂ ಸಾಮಾನ್ಯವಾಗಿ ಹೊಂದಿಸುವುದು ಅದರ ಗೆರೆಗಳನ್ನು ಓದಿಸಿ. ನಿಮಗೆ ಹೊಂದಿದ ಗೆರೆಗಳನ್ನು ಕತ್ತರಿಸಿ ಕೌಂಟರಿಗೆ ಅಂಟಿಸಿಕೊಳ್ಳಿ. ‘ಫ್ಯಾಕ್ಟರಿ ರೀಸೆಟ್’ ಗೆರೆಯನ್ನು ಮಾತ್ರ ಬೀರುವಿನಲ್ಲಿಡಿ. ಸಾಮಾನು ಓದಿಸುವಾಗ ಕೈತಪ್ಪಿ ಅದರ ಮೇಲೆ ಬೆಳಕು ಬಿದ್ದರೆ ಎಲ್ಲ ಮತ್ತೆ ಮೊದಲಿಂದ.