ಫ್ರೆಂಚ್ ಶಾಲೆಯ ಇರಾನಿ ಹುಡುಗಿ

ಚಾಮರಾಜಪೇಟೆಯ ದಖನಿ ಮಾತಾಡುವ ಮನೆಯ ಮಗು ಅಮ್ಮನಿಗೆ ‘ನಕ್ಕೋ’ ಎನ್ನುತ್ತದೆ, ಅಂಗಡಿಯವನಿಗೆ ‘ಬೇಡ’ ಎನ್ನುತ್ತದೆ, ಶಾಲೆಯಲ್ಲಿ ‘ನೋ ಮಿಸ್’ ಎನ್ನುತ್ತದೆ. ಕನ್ನಡ ಸಾಹಿತ್ಯ ಪರಿಷತ್ತೂ ಇರುವ ಈ ಪೇಟೆಯಲ್ಲಿ ಇದು ಯಾರಿಗೂ ವಿಶೇಷವೆನಿಸದು. ಆದರೆ ಶಾಲೆಯ ಭಾಷೆ ಬಂದ ಮೇಲೆ ಮಗು ಮನೆಯ ಭಾಷೆಯನ್ನು ಮುಚ್ಚಿಡತೊಡಗಿದರೆ? ಮರ್ಜಾನೆ ಸತ್ರಪಿಯವರ ‘ಪರ್ಸೆಪೊಲಿಸ್’ ಓದುವಾಗ ನನ್ನನ್ನು ಕಾಡಿದ ಪ್ರಶ್ನೆ ಇದು.

2000ದಿಂದ 2003ರವರೆಗೆ ಫ್ರೆಂಚಿನಲ್ಲಿ ನಾಲ್ಕು ಸಂಪುಟಗಳಾಗಿ ಬಂದು, 2007ರಲ್ಲಿ ಸಿನಿಮಾ ಆದ ಈ ಚಿತ್ರರೂಪದ ಆತ್ಮಕಥೆಯನ್ನು ಇರಾನ್ ಕ್ರಾಂತಿಯ ಕಥೆಯೆಂದೇ ಓದುವುದು ರೂಢಿ. ಚಾದರ, ಯುದ್ಧ, ಜೈಲು - ಇಷ್ಟರಲ್ಲೇ ಚರ್ಚೆ ಮುಗಿಯುತ್ತದೆ. ಇದು ಶಾಲೆಯ ಕಥೆಯೂ ಹೌದು. ಟೆಹರಾನಿನ ಫ್ರೆಂಚ್ ಶಾಲೆಯಲ್ಲಿ ಓದುತ್ತಿದ್ದ ಸತ್ರಪಿ, 1980ರಲ್ಲಿ ದ್ವಿಭಾಷಾ ಶಾಲೆಗಳು ಮುಚ್ಚಿದಾಗ ಅದನ್ನು ಕಳೆದುಕೊಂಡರು. 1984ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ತಂದೆತಾಯಿ ಅವರನ್ನು ಆಸ್ಟ್ರಿಯಾದ ವಿಯೆನ್ನಾದಲ್ಲಿದ್ದ ಫ್ರೆಂಚ್ ಶಾಲೆಗೆ ಕಳುಹಿಸಿದರು.

ಫ್ರಾನ್ಸಿನ ಪಠ್ಯಕ್ರಮದ ಶಾಲೆಗಳು ಹಲವು ದೇಶಗಳಲ್ಲಿವೆ. 1826ರಲ್ಲಿ ಸ್ಥಾಪನೆಯಾದ ಒಂದು ನಮ್ಮ ಪಕ್ಕದ ಪುದುಚೇರಿಯಲ್ಲೇ ಇದೆ. ದೇಶ ಬದಲಾದರೂ ಪಾಠ ತಪ್ಪುವುದಿಲ್ಲ. ಗಲ್ಫಿನಲ್ಲಿ ಮಕ್ಕಳನ್ನು ಸಿಬಿಎಸ್‌ಇ ಶಾಲೆಗೆ ಸೇರಿಸಿದ ನಮ್ಮವರಿಗೆ ಈ ಅನುಕೂಲ ಗೊತ್ತು.

ಪಾಠ ಸಿಕ್ಕಿದ ಮಾತ್ರಕ್ಕೆ ಜೊತೆ ಸಿಗುವುದಿಲ್ಲ. ಮರ್ಜಿ ಗಣಿತದಿಂದ, ಶಿಕ್ಷಕರ ವ್ಯಂಗ್ಯಚಿತ್ರ ಬರೆದು ಗೆಳೆಯರನ್ನು ಸಂಪಾದಿಸುತ್ತಾಳೆ. ಆ ಗುಂಪಿನ ಮೊಮೋಗೆ ಅವಳಲ್ಲಿ ಆಸಕ್ತಿ ಹುಟ್ಟುವುದು ಅವಳು ಯುದ್ಧ, ಸಾವು ಕಂಡವಳೆಂದು. ಅವಳ ನೋವು ಅವನಿಗೆ ಕುತೂಹಲದ ವಸ್ತು. ಕೊನೆಗೊಮ್ಮೆ ಒಬ್ಬ ಕೇಳಿದಾಗ ತಾನು ಫ್ರೆಂಚ್ ಎಂದುಬಿಡುತ್ತಾಳೆ. ಆ ಸುಳ್ಳನ್ನು ಕೆಲವು ಹುಡುಗಿಯರು ಕೆಫೆಯಲ್ಲಿ ಆಡಿಕೊಂಡು ನಗುವುದು ಕಿವಿಗೆ ಬಿದ್ದಾಗ, ತಾನು ಇರಾನಿ, ಅದು ತನ್ನ ಹೆಮ್ಮೆ ಎಂದು ಕೂಗುತ್ತಾಳೆ. ಕೃತಿಯ ಅತ್ಯುತ್ತಮ ಪುಟಗಳಿವು. ಅವಳ ಭಾಷೆಯನ್ನು ಯಾರೂ ನಿಷೇಧಿಸಿರಲಿಲ್ಲ, ಅವಳೇ ಬಚ್ಚಿಟ್ಟಿದ್ದಳು.

ಕೃತಿಗೆ ದೋಷವೂ ಇದೆ. ಇಲ್ಲಿನ ಧಾರ್ಮಿಕರು ಹೆಚ್ಚಿನವರು ಒಂದೇ ಅಚ್ಚಿನಲ್ಲಿ ತೆಗೆದ ಕಪ್ಪು ಆಕೃತಿಗಳು. ನಮಾಜು ಮಾಡುತ್ತಲೇ ನಗುವ, ಜಗಳವಾಡುವ ನಮ್ಮ ಮನೆಯ ಹೆಂಗಸರಂಥವರು ಸಿಗುವುದಿಲ್ಲ. ಇದಕ್ಕೊಂದು ಅಪವಾದವುಂಟು. ಇರಾನಿಗೆ ಮರಳಿದ ಮೇಲೆ ವಿಶ್ವವಿದ್ಯಾಲಯದ ಸಂದರ್ಶನದಲ್ಲಿ, ತನಗೆ ಅರಬಿ ಪ್ರಾರ್ಥನೆ ಬಾರದು, ದೇವರೊಡನೆ ಪರ್ಷಿಯನ್ನಿನಲ್ಲೇ ಮಾತಾಡುತ್ತೇನೆ ಎನ್ನುತ್ತಾಳೆ. ಆ ಪ್ರಾಮಾಣಿಕತೆಯನ್ನು ಮೆಚ್ಚುವವನು ಒಬ್ಬ ಮುಲ್ಲಾ. ಇಂಥ ಪಾತ್ರಗಳು ಇನ್ನಷ್ಟು ಬೇಕಿದ್ದವು.

ಆದರೂ ಸತ್ರಪಿಯವರನ್ನು ಪಶ್ಚಿಮದ ವಕೀಲೆ ಎನ್ನುವುದು ತಪ್ಪು. ಶಾಲೆಗಳಲ್ಲಿ ತಲೆವಸ್ತ್ರ ನಿಷೇಧಿಸಲು ಫ್ರಾನ್ಸ್ ಹೊರಟಾಗ, 2003ರಲ್ಲೇ ಅವರು ಅದನ್ನು ವಿರೋಧಿಸಿ ಬರೆದರು. ಹೊದಿಸುವ ಬಲವಂತ ಕಂಡವರು ತೆಗೆಸುವ ಬಲವಂತವನ್ನೂ ಒಪ್ಪಲಿಲ್ಲ. 2022ರಲ್ಲಿ ಕರ್ನಾಟಕದ ಕಾಲೇಜು ಗೇಟುಗಳ ಮುಂದೆ ನಿಂತ ಹುಡುಗಿಯರನ್ನು ನೋಡಿದ ನಮಗೆ ಇದು ದೂರದ ಮಾತಲ್ಲ.

ಬೇರೆ ಭಾಷೆಯ ಶಾಲೆ ಯಾವಾಗಲೂ ಪರಕೀಯತೆಯನ್ನೇ ತರಬೇಕಿಲ್ಲ. ಮನೆಮಾತು ದಖನಿಯಾದ ಬಾನು ಮುಷ್ತಾಕ್ ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆ ಸೇರಿದರು. ಆ ಶಾಲೆಯ ಭಾಷೆಯಲ್ಲೇ ದಖನಿ ಮನೆಗಳ ಕಥೆ ಬರೆದರು. 2025ರಲ್ಲಿ ಅವರ ಕಥೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂತು. ಮರ್ಜಿ ಕೆಫೆಯಲ್ಲಿ ಕೂಗಿ ಹೇಳಬೇಕಾದದ್ದನ್ನು ಅವರು ಕನ್ನಡದಲ್ಲಿ ಸಹಜವಾಗಿ ಹೇಳಿದರು. ನಮ್ಮ ಪೇಟೆಯ ಮಗುವಿಗೂ ಶಾಲೆಯಲ್ಲಿ ‘ನಕ್ಕೋ’ ಎನ್ನಲು ನಾಚಿಕೆಯಾಗದಿರಲಿ.