‘ಕೂ’ ಎಂಬ ಕಟ್ಟೆ: ಒಂದು ವಿಮರ್ಶೆ

ಪುಸ್ತಕ, ನಾಟಕ, ಸಂಗೀತ ಕಛೇರಿಗಳ ವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ಈ ಸಲ ಮೊಬೈಲ್ ಫೋನಿನೊಳಗಿನ ಒಂದು ವಸ್ತುವನ್ನು ಎತ್ತಿಕೊಂಡಿದ್ದೇವೆ. ಅದೂ ಈಗ ಬದುಕಿಲ್ಲದ ವಸ್ತು. ‘ಕೂ’ ಎಂಬ ಸಾಮಾಜಿಕ ಜಾಲತಾಣವನ್ನು ಮುಚ್ಚುತ್ತಿದ್ದೇವೆಂದು ಅದರ ಸ್ಥಾಪಕರೇ 2024ರ ಜುಲೈ 3ರಂದು ತಿಳಿಸಿದರು. ಮುಚ್ಚಿದ ಅಂಗಡಿಯ ಲೆಕ್ಕ ನಮಗೇಕೆ ಎಂದು ವಾಚಕರು ಕೇಳಬಹುದು. ಬೇಕು ಎಂಬುದೇ ನಮ್ಮ ಅಭಿಪ್ರಾಯ. ಫರೀದಾಬಾದಿಗೆ ವರ್ಗವಾಗಿ ಬರುವ ಕನ್ನಡ ಕುಟುಂಬಗಳು ಮನೆ ಹೊಂದಿಸಿಕೊಂಡ ಮೇಲೆ ಕೇಳುವ ಮೊದಲ ಪ್ರಶ್ನೆ ಒಂದೇ: “ಇಲ್ಲಿ ನಮ್ಮವರು ಯಾರಿದ್ದಾರೆ? ಅವರನ್ನು ಹುಡುಕುವುದು ಹೇಗೆ?” ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಸಿಗುತ್ತದೆಯೇ ಎಂಬುದನ್ನು ಪರೀಕ್ಷಿಸಲು ‘ಕೂ’ ಒಳ್ಳೆಯ ನಿದರ್ಶನ.

ಮೊದಲು ಅದರ ಹುಟ್ಟು. ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಎಂಬಿಬ್ಬರು 2020ರಲ್ಲಿ ಇದನ್ನು ಜನರ ಮುಂದಿಟ್ಟರು. ಇಂಥ ಸಾಹಸಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಆರಂಭವಾಗಿ, ಕನ್ನಡ ಕೊನೆಯ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳುವುದು ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ‘ಕೂ’ ಕನ್ನಡದಿಂದಲೇ ಆರಂಭವಾಗಿ, ಹಿಂದಿ, ತೆಲುಗು, ತಮಿಳು, ಮರಾಠಿ ಮುಂತಾದ ಭಾಷೆಗಳಿಗೆ ಅನಂತರ ಹರಡಿತು. ಅದೇ ವರ್ಷದ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ‘ಆತ್ಮನಿರ್ಭರ’ ಸ್ಪರ್ಧೆಯಲ್ಲಿ ಬಹುಮಾನ ಪಡೆಯಿತು. ಹಳದಿ ಹಕ್ಕಿ ಅದರ ಗುರುತು. ಒಂದು ಬರಹಕ್ಕೆ ನಾನೂರು ಅಕ್ಷರಗಳ ಮಿತಿ.

ಇದರ ಗುಣಗಳನ್ನು ಮನಃಪೂರ್ವಕವಾಗಿಯೇ ಹೇಳಬೇಕು. ಖಾತೆ ತೆರೆಯುವವನನ್ನು ಅದು ಮೊದಲಿಗೇ ಭಾಷೆ ಯಾವುದೆಂದು ಕೇಳುತ್ತಿತ್ತು. ಕನ್ನಡವೆಂದರೆ ಕಣ್ಣೆದುರು ಬರುವುದೆಲ್ಲ ಕನ್ನಡವೇ. ಕನ್ನಡದ ಕೀಲಿಮಣೆ ತಿಳಿಯದವರು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯಬಹುದಿತ್ತು. ಅದೂ ಬೇಡವೆಂದರೆ ಬಾಯಲ್ಲಿ ಹೇಳಿ ಹಾಕಬಹುದಿತ್ತು. ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಓದಿ, ಮನೆಯಲ್ಲಿ ಮಾತ್ರ ಕನ್ನಡ ಕೇಳುವ ನಮ್ಮ ಮಕ್ಕಳಿಗೆ, ಕನ್ನಡವೂ ಫೋನಿನ ಮುಂಬಾಗಿಲಿನಿಂದಲೇ ಬರುವ ಭಾಷೆ ಎಂಬುದು ಕಣ್ಣಿಗೆ ಕಂಡದ್ದು ಸಣ್ಣ ವಿಷಯವಲ್ಲ. ಊರಿನಿಂದ ಬಂದು ಮಗನ ಮನೆಯಲ್ಲಿ ಮೌನವಾಗಿ ಕುಳಿತಿದ್ದ ಅಜ್ಜಿಯರಿಗೂ ಓದಲು ನಾಲ್ಕು ಸಾಲು ಸಿಕ್ಕಿತು. ಹೊಸಬನಿಗೆ ಅಂಜಿಕೆಯಿಲ್ಲದೆ ಹೆಜ್ಜೆಯಿಡುವ ಏರ್ಪಾಟು ‘ಕೂ’ವಿನಲ್ಲಿತ್ತು. ಆರಂಭ ಚೆನ್ನಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಆರಂಭವೇ ಸಂಬಂಧವಲ್ಲ. ದೋಷವಿದ್ದದ್ದು ಎರಡನೆಯ ಹೆಜ್ಜೆಯಲ್ಲಿ. ಒಳಗೆ ಬಂದ ಹೊಸಬನಿಗೆ ಅದು ಪರಿಚಯಿಸುತ್ತಿದ್ದದ್ದು ಬಹುಮಟ್ಟಿಗೆ ಹೆಸರುವಾಸಿಗಳನ್ನು: ಚಿತ್ರನಟರು, ಆಟಗಾರರು, ಮಂತ್ರಿಗಳು. 2021ರ ಫೆಬ್ರವರಿಯಲ್ಲಿ, ರೈತ ಚಳವಳಿಯ ಕಾಲದಲ್ಲಿ, ಕೆಲವು ಖಾತೆಗಳನ್ನು ತಡೆಯುವ ವಿಷಯದಲ್ಲಿ ಕೇಂದ್ರ ಸರ್ಕಾರಕ್ಕೂ ಟ್ವಿಟರಿಗೂ ಜಟಾಪಟಿ ನಡೆಯಿತಷ್ಟೆ. ಆಗ ಪಿಯೂಷ್ ಗೋಯಲ್ ಅವರಂಥ ಕೇಂದ್ರ ಸಚಿವರು ‘ಕೂ’ಗೆ ಬಂದು ಇತರರನ್ನೂ ಕರೆದರು. ಜನ ನುಗ್ಗಿದರು. ಹಾಗೆ ನುಗ್ಗಿದವರಲ್ಲಿ ಬಹಳ ಮಂದಿ ಬಂದದ್ದು ಒಂದು ಜಗಳದ ಪಕ್ಷ ಹಿಡಿದು. ಮಾತನಾಡಲು ಸ್ನೇಹಿತರು ಬೇಕೆಂದಲ್ಲ. ಜಗಳ ತಣ್ಣಗಾದ ಮೇಲೆ ಅವರಿಗೆ ಅಲ್ಲಿ ಕೆಲಸವೇನು? ಕಟ್ಟೆಯೆಂದು ಕಟ್ಟಿದ್ದು ವೇದಿಕೆಯಾಯಿತು. ವೇದಿಕೆಯ ಮುಂದೆ ಕುಳಿತವರು ವೇದಿಕೆಯನ್ನು ನೋಡುತ್ತಾರೆಯೇ ಹೊರತು ಪಕ್ಕದವರ ಹೆಸರು ಕೇಳುವುದಿಲ್ಲ.

ಇನ್ನೊಂದು ದೋಷ ನಮ್ಮಂಥ ಹೊರನಾಡಿನವರಿಗೆ ಹೆಚ್ಚಾಗಿ ತಟ್ಟುವಂಥದು. ‘ಕೂ’ ಜನರನ್ನು ಭಾಷೆಯ ಮೇಲೆ ವಿಂಗಡಿಸಿತು. ಬೆಂಗಳೂರಿನವನಿಗೆ ಅಷ್ಟು ಸಾಕು. ಅವನು ಬಾಗಿಲು ತೆರೆದರೆ ಕನ್ನಡವಿದೆ. ನಮ್ಮ ಸ್ಥಿತಿ ಬೇರೆ. ಫರೀದಾಬಾದೆಂದರೆ ಮಥುರಾ ರಸ್ತೆಯುದ್ದಕ್ಕೂ ಕಾರ್ಖಾನೆಗಳು; ದೇಶವಿಭಜನೆಯ ನಂತರ ನಿರಾಶ್ರಿತರಿಗಾಗಿ ಕಟ್ಟಿದ ಎನ್.ಐ.ಟಿ. ಬಡಾವಣೆಗಳು, ಅಂಕಿಯಿಂದಲೇ ಕರೆಯಲ್ಪಡುವ ಸೆಕ್ಟರುಗಳು, ಯಮುನೆಯ ದಿಕ್ಕಿಗೆ ಎದ್ದು ನಿಂತ ಹೊಸ ಬಹುಮಹಡಿ ಕಟ್ಟಡಗಳು. ಕನ್ನಡ ಶಾಲೆ ಇರುವುದು ದೆಹಲಿಯ ಲೋದಿ ಎಸ್ಟೇಟಿನಲ್ಲಿ, ಕರ್ನಾಟಕ ಸಂಘದ ಕಟ್ಟಡ ರಾಮಕೃಷ್ಣಪುರದಲ್ಲಿ. 2015ರಲ್ಲಿ ಮೆಟ್ರೋ ಇಲ್ಲಿಗೂ ಬಂದು, 2018ರಲ್ಲಿ ಬಲ್ಲಭಗಡದವರೆಗೆ ಮುಂದುವರಿದು ಪ್ರಯಾಣ ಸುಲಭವಾಯಿತು, ನಿಜ. ಆದರೂ ಸಂಜೆಯ ಕಾರ್ಯಕ್ರಮಕ್ಕೆ ಹೋಗಿ ಬರುವುದೆಂದರೆ ಮಕ್ಕಳಿರುವ ಮನೆಯವರಿಗೆ ಅರ್ಧ ದಿನದ ಮಾತು. ಹೀಗಿರುವಾಗ ನಮಗೆ ಬೇಕಾದದ್ದು ‘ಕನ್ನಡ ಬಲ್ಲವರು’ ಮಾತ್ರವಲ್ಲ, ‘ಹತ್ತಿರವಿರುವ ಕನ್ನಡ ಬಲ್ಲವರು’. ನಟನೊಬ್ಬನ ಹುಟ್ಟುಹಬ್ಬದ ಸುದ್ದಿ ಕ್ಷಣದಲ್ಲಿ ತಲುಪುತ್ತಿತ್ತು. ಎರಡು ಬೀದಿ ಆಚೆ ಹಾಸನದವರೊಬ್ಬರು ಮನೆ ಮಾಡಿದ್ದಾರೆಂಬ ಸುದ್ದಿ ತಲುಪುತ್ತಿರಲಿಲ್ಲ. ಅದನ್ನು ನಾವು ಇಂದಿಗೂ ತಿಳಿಯುವುದು ಬಾಗಿಲಿನ ಹೆಸರಿನ ಫಲಕದಿಂದ, ನಿಂತ ಕಾರಿನ ‘ಕೆಎ’ ನಂಬರಿನಿಂದ, ಇಲ್ಲವೇ ತರಕಾರಿ ಗಾಡಿಯ ಮುಂದೆ ಗಂಡನನ್ನು “ಏನೂಂದ್ರೆ” ಎಂದು ಕರೆದ ದನಿಯಿಂದ.

ಸಂಬಂಧದ ಬೆಲೆ ತಿಳಿಯುವುದು ಕಷ್ಟಕಾಲದಲ್ಲಿ. 2021ರ ಏಪ್ರಿಲ್–ಮೇ ತಿಂಗಳನ್ನು ಇಲ್ಲಿಯವರು ಯಾರೂ ಮರೆತಿರಲಾರರು. ದೆಹಲಿಯ ಸುತ್ತಲೆಲ್ಲ ಆಮ್ಲಜನಕದ ಸಿಲಿಂಡರಿಗಾಗಿ, ಆಸ್ಪತ್ರೆಯ ಹಾಸಿಗೆಗಾಗಿ ಜನ ಜಾಲತಾಣಗಳಲ್ಲಿ ಮೊರೆಯಿಡುತ್ತಿದ್ದ ದಿನಗಳು ಅವು. ಪರಿಚಯವಿಲ್ಲದವರು ಪರಿಚಯವಿಲ್ಲದವರಿಗೆ ನೆರವಾದದ್ದೂ ಉಂಟು; ಜಾಲತಾಣಗಳ ಆ ಪುಣ್ಯವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಗಂಡ ಹೆಂಡಿರಿಬ್ಬರೂ ಜ್ವರ ಬಂದು ಮಲಗಿದ್ದ ಮನೆಯ ಬಾಗಿಲಲ್ಲಿ ಗಂಜಿ, ಸಾರಿನ ಡಬ್ಬಿ ಇಟ್ಟು ಗಂಟೆಯೊತ್ತಿ ದೂರ ಸರಿದು ನಿಂತವರು ಯಾರು? ನಮಗೆ ತಿಳಿದಂತೆ, ಹಿಂದೆ ಒಮ್ಮೆಯಾದರೂ ಆ ಮನೆಯ ಚಾಪೆಯ ಮೇಲೆ ಕುಳಿತು ಕಾಫಿ ಕುಡಿದಿದ್ದವರು. ಸಂದೇಶ ಹೋದದ್ದು ಫೋನಿನ ಮೂಲಕವೇ. ಅದಕ್ಕೆ ಓಗೊಟ್ಟದ್ದು ಫೋನಿಗಿಂತ ಹಳೆಯದಾದ ಪರಿಚಯ.

‘ಕೂ’ ಮುಳುಗಿದ್ದೇಕೆ? ಕನ್ನಡಿಗರಿಗೆ ಅಭಿಮಾನವಿಲ್ಲ, ಅದಕ್ಕೇ ಉಳಿಯಲಿಲ್ಲ ಎಂದು ಕೆಲವರು ಹೇಳುವುದನ್ನು ಕೇಳಿದ್ದೇವೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಸ್ಥಾಪಕರ ವಿದಾಯ ಪತ್ರದ ಪ್ರಕಾರ ಉಚ್ಛ್ರಾಯದಲ್ಲಿ ದಿನಕ್ಕೆ ಸುಮಾರು 21 ಲಕ್ಷ, ತಿಂಗಳಿಗೆ ಸುಮಾರು ಒಂದು ಕೋಟಿ ಜನ ಅದನ್ನು ಬಳಸುತ್ತಿದ್ದರು. ಇದು ಅಭಿಮಾನವಿಲ್ಲದವರ ಲೆಕ್ಕವಲ್ಲ. ಇಂಥ ಸಂಸ್ಥೆ ಬೆಳೆಯಲು ಹಲವು ವರ್ಷಗಳ ಕಾಲ ತಾಳ್ಮೆಯಿಂದ ಕಾಯುವ ಬಂಡವಾಳ ಬೇಕು, ಅದು ದೊರೆಯಲಿಲ್ಲ, ದೊಡ್ಡ ಸಂಸ್ಥೆಗಳೊಡನೆ ಕೂಡುವ ಮಾತುಕತೆ ಫಲಿಸಲಿಲ್ಲ ಎಂದು ಅವರು ಹೇಳಿದರು. ಇದಕ್ಕೆ ನಮ್ಮದೊಂದು ಮಾತು ಸೇರಿಸಬಹುದು. ಜನ ಸೇರುವುದು ಜನ ಇರುವಲ್ಲಿಗೆ. ಅಣ್ಣ ತಮ್ಮಂದಿರು, ಸಹೋದ್ಯೋಗಿಗಳು, ಸಹಪಾಠಿಗಳು ಆಗಲೇ ವಾಟ್ಸಾಪ್, ಫೇಸ್‌ಬುಕ್ಕುಗಳಲ್ಲಿ ಬೀಡುಬಿಟ್ಟಿರುವಾಗ, ಭಾಷೆ ಒಂದರ ಬಲದಿಂದ ಅವರನ್ನು ಎಬ್ಬಿಸಿ ಹೊಸ ಬೀದಿಗೆ ಕರೆತರುವುದು ಸುಲಭವಲ್ಲ. ‘ನಮ್ಮ ಭಾಷೆ’ ಎಂಬುದು ಬರಲು ಕಾರಣವಾಗಬಹುದು. ಉಳಿಯಲು ‘ನನ್ನನ್ನು ಅಲ್ಲಿ ಯಾರೋ ಕಾಯುತ್ತಿದ್ದಾರೆ’ ಎಂಬುದು ಬೇಕು.

ಇಂಥ ತಾಣ ಮುಚ್ಚಿದ್ದು ಇದೇ ಮೊದಲಲ್ಲ. 2004ರಲ್ಲಿ ಹುಟ್ಟಿ ನಮ್ಮ ಯುವಕರನ್ನೆಲ್ಲ ಸೆಳೆದಿದ್ದ ‘ಆರ್ಕುಟ್’ 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಅಲ್ಲಿ ಪರಿಚಯವಾಗಿ, ಮುಂದೆ ಫೋನ್ ನಂಬರು ಬರೆದುಕೊಂಡು ಒಮ್ಮೆ ಮುಖ ನೋಡಿದವರ ಸ್ನೇಹ ಉಳಿಯಿತು. ಉಳಿದದ್ದೆಲ್ಲ ಹಕ್ಕಿ ಹಾರಿದ ಕೊಂಬೆ. ಬಾಡಿಗೆ ಮನೆಯ ಪಾಡು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಡಿಗೆ ಮನೆಯಲ್ಲಿ ಸುಖವಾಗಿ ಇರಬಹುದು, ಹಬ್ಬ ಮಾಡಬಹುದು, ಬಾವಿ ತೋಡಿಸಬಾರದು.

ಅನ್ಯರನ್ನು ವಿಮರ್ಶಿಸಿದ ಮೇಲೆ ನಮ್ಮ ಕಡೆಗೂ ನೋಡಿಕೊಳ್ಳಬೇಕಾದದ್ದು ನ್ಯಾಯ. ನಮ್ಮ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಹೂವಿನ ಚಿತ್ರದ ಶುಭೋದಯ, ಮಧ್ಯಾಹ್ನ ಯಾರೋ ಬರೆದ ಮನೆಮದ್ದು, ರಾತ್ರಿ ರಾಜಕೀಯ. ಹೊಸದಾಗಿ ಸೇರಿದವರೊಬ್ಬರು ಕಳೆದ ಚಳಿಗಾಲದಲ್ಲಿ, “ಮಗುವಿಗೆ ಕನ್ನಡ ಓದಲು ಕಲಿಸುವವರು ಹತ್ತಿರದಲ್ಲಿ ಯಾರಾದರೂ ಇದ್ದಾರೆಯೇ?” ಎಂದು ಕೇಳಿದ್ದರು. ಅದರ ಮೇಲೆ ಒಂದಾದ ಮೇಲೊಂದು ಶುಭಾಶಯಗಳು ಬಿದ್ದವು. ಪ್ರಶ್ನೆ ಕೆಳಗೆ ಹೂತುಹೋಯಿತು. ಓದಿದವರಲ್ಲಿ ನಾವೂ ಇದ್ದೆವು. ಯಾರಾದರೂ ಉತ್ತರಿಸಿಯಾರು ಎಂದು ಸುಮ್ಮನಾದೆವು. ಆ ಕುಟುಂಬ ಮತ್ತೆ ಏನನ್ನೂ ಕೇಳಲಿಲ್ಲ. ‘ಕೂ’ವಿನ ಮೇಲೆ ನಾವು ಹೊರಿಸಿದ ದೋಷವೇ ನಮ್ಮ ಅಂಗೈಯಲ್ಲೂ ಇದೆ.

ಆದ್ದರಿಂದ ಯಾವ ತಾಣವಾದರೂ ಸರಿ, ಹೊಸಬರಿಗೆ ನಮ್ಮ ಸಲಹೆ ಇಷ್ಟು. ಹೆಸರಿನ ಜೊತೆಗೆ ನಿಮ್ಮ ಊರು, ಇಲ್ಲಿಯ ಸೆಕ್ಟರು ಹೇಳಿ. ಮನೆಯ ನಂಬರು, ಮಕ್ಕಳ ಶಾಲೆ ಎಲ್ಲರ ಮುಂದೆ ಬೇಡ. ಏನು ಗೊತ್ತು, ಏನು ಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ನಿಮ್ಮದೊಂದು ಹಾಕುವ ಮೊದಲು ಇತರರ ನಾಲ್ಕಕ್ಕೆ ಉತ್ತರ ಕೊಡಿ. ಮಾತು ಕುದುರಿದವರನ್ನು ಒಂದು ಭಾನುವಾರ ಕಾಫಿಗೆ ಕರೆಯಿರಿ. ಅವರ ನಂಬರನ್ನು ಕಾಗದದ ಮೇಲೂ ಬರೆದಿಡಿ. ಹಳಬರಾದ ನಮ್ಮ ಕರ್ತವ್ಯ ಇನ್ನೂ ಸುಲಭ: ಹೊಸಬರ ಪ್ರಶ್ನೆಗೆ ಆ ದಿನವೇ ಉತ್ತರ.

ಕನ್ನಡ ಓದಿಸುವವರನ್ನು ಹುಡುಕುತ್ತಿದ್ದ ಆ ಕುಟುಂಬದವರು ಈ ಸಂಚಿಕೆಯನ್ನು ಓದುತ್ತಿದ್ದರೆ, ತಡವಾದ ಉತ್ತರಕ್ಕೆ ಕ್ಷಮೆಯಿರಲಿ. ಕಲಿಸುವವರು ಇದ್ದಾರೆ; ನಿಮ್ಮ ಪಕ್ಕದ ಸೆಕ್ಟರಿನಲ್ಲಿಯೇ ಇದ್ದಾರೆ. ಗುಂಪಿನಲ್ಲಿ ಇನ್ನೊಮ್ಮೆ ಕೇಳಿ.