ಕರಡಿಗೆಯೂ ಕೈಕೋವಿಯೂ: ಕಾರ್ಖಾನೆಯ ಪೆಟ್ಟಿಗೆಗಳ ಗುಣವಿಚಾರ

೧

ಆಯುಧಗಳ ಚರಿತ್ರೆಯನ್ನು ಬರೆದವರು ಆಯುಧದ ವಿಷಯದಲ್ಲಿ ತೋರಿದ ಶ್ರದ್ಧೆಯನ್ನು ಅದನ್ನಿರಿಸಿದ ಪೆಟ್ಟಿಗೆಯ ವಿಷಯದಲ್ಲಿ ತೋರಿದವರಲ್ಲ. ಕತ್ತಿಗೆ ಒರೆಯೂ ಬಾಣಕ್ಕೆ ಬತ್ತಳಿಕೆಯೂ ನಮ್ಮ ಭಾಷೆಯಲ್ಲಿ ಪ್ರಾಚೀನ ಕಾಲದಿಂದ ಸಲ್ಲುತ್ತ ಬಂದ ಮಾತುಗಳು. ಪಿಸ್ತೂಲು, ರಿವಾಲ್ವರ್ ಮೊದಲಾದ ಕೈಕೋವಿಗಳ ಮನೆಗೆ ಮಾತ್ರ ಕನ್ನಡದಲ್ಲಿ ನೆಲೆನಿಂತ ಹೆಸರೊಂದು ಹುಟ್ಟಲಿಲ್ಲ. ವಸ್ತು ಪರದೇಶದಿಂದ ಬಂದುದರಿಂದ ಅದರ ಹೊದಿಕೆಯೂ ಪರದೇಶದ ಹೆಸರನ್ನೇ ಹೊತ್ತು ಬಂದಿತೆಂದು ಹೇಳಿ ಸುಮ್ಮನಾಗಬಹುದು. ಆದರೆ ಹೆಸರಿಲ್ಲದ ವಸ್ತುವಿನ ಗುಣದೋಷಗಳನ್ನು ಯಾರೂ ವಿಚಾರಿಸುವುದಿಲ್ಲವೆಂಬುದೂ ಅಷ್ಟೇ ನಿಜ. ಕಾರ್ಖಾನೆಯಿಂದ ಹೊರಡುವ ಕೈಕೋವಿಯ ಪೆಟ್ಟಿಗೆ ಹೇಗಿರಬೇಕು, ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು, ನಮ್ಮ ದೇಶದ ಸರಕಾರಿ ಕಾರ್ಖಾನೆಯೊಂದು ೨೦೧೪ರಲ್ಲಿ ಮಾಡಿದ ಪೆಟ್ಟಿಗೆ ಆ ಅಳತೆಗೆ ನಿಲ್ಲುತ್ತದೆಯೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಪೆಟ್ಟಿಗೆಗೆ ನಾಲ್ಕು ಕರ್ತವ್ಯಗಳುಂಟು. ಒಂದು, ಲೋಹವನ್ನು ತುಕ್ಕಿನಿಂದ ಕಾಯುವುದು. ಎರಡು, ಅಧಿಕಾರವಿಲ್ಲದ ಕೈಗಳಿಂದ ಆಯುಧವನ್ನು ದೂರವಿಡುವುದು. ಮೂರು, ಬಳಸುವವನಿಗೆ ಅದರ ಶಿಸ್ತನ್ನು ಕಲಿಸುವುದು. ನಾಲ್ಕು, ಒಳಗಿರುವುದು ಏನೆಂಬುದರ ವಿಷಯದಲ್ಲಿ ಸುಳ್ಳಾಡದಿರುವುದು. ಅಂದ, ಬೆಲೆ, ಬಣ್ಣ ಇವೆಲ್ಲ ಈ ನಾಲ್ಕರ ಅನಂತರ ಬರತಕ್ಕ ಸಂಗತಿಗಳು.

೨

ಮೊದಲನೆಯ ಕರ್ತವ್ಯದ ಮಹತ್ತ್ವವನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಒಂದು ಕಡೆ ಕಡಲು, ಮತ್ತೊಂದು ಕಡೆ ಸುವರ್ಣಾ ನದಿಯ ಅಳಿವೆಯ ನೀರು, ಇವೆರಡರ ನಡುವೆ ಇರುವ ಹೂಡೆಯಂತಹ ಊರಿನಲ್ಲಿ ಬಾಗಿಲ ಚಿಲಕವೂ ಅಂಗಳದ ಕತ್ತಿಯೂ ಮಳೆಗಾಲ ಕಳೆಯುವುದರೊಳಗೆ ಕೆಂಪಾಗುತ್ತವೆ. ಗಾಳಿಯಲ್ಲಿರುವ ಉಪ್ಪಿನ ಕಣ ಲೋಹದ ಮೇಲೆ ಕುಳಿತು ತೇವವನ್ನು ಸೆಳೆದುಕೊಳ್ಳುತ್ತದೆ. ಆ ತೇವದಲ್ಲಿ ಕರಗಿದ ಉಪ್ಪು ತುಕ್ಕಿನ ವೇಗವನ್ನು ಹೆಚ್ಚಿಸುತ್ತದೆ. ಉಕ್ಕಿನ ಕೋವಿಗಳಿಗೆ ಸಾಂಪ್ರದಾಯಿಕವಾಗಿ ಕೊಡುವ ನೀಲಿಗಪ್ಪು ಹೊಳಪು ಒಂದು ತೆಳುವಾದ ಆಕ್ಸೈಡಿನ ಪದರ ಮಾತ್ರ. ಎಣ್ಣೆಯ ನೆರವಿಲ್ಲದೆ ಅದು ಕಡಲ ಗಾಳಿಯ ಮುಂದೆ ಬಹುಕಾಲ ನಿಲ್ಲದು. ಉಡುಪಿ, ಕಾಪು, ಕಾರ್ಕಳಗಳ ಕಡೆ ಪರವಾನಗಿಯ ಆಯುಧವೆಂದರೆ ಬಹುಮಟ್ಟಿಗೆ ಬೆಳೆಯನ್ನು ಕಾಯುವ ಉದ್ದನೆಯ ಕೋವಿಯೇ ಹೌದಾದರೂ ತುಕ್ಕಿನ ನ್ಯಾಯ ಉದ್ದದ್ದಕ್ಕೂ ಗಿಡ್ಡದ್ದಕ್ಕೂ ಒಂದೇ.

ಈ ದೃಷ್ಟಿಯಿಂದ ನೋಡಿದರೆ ಅಂದವಾದ ಪೆಟ್ಟಿಗೆ ಅನೇಕ ವೇಳೆ ಕೆಟ್ಟ ಪೆಟ್ಟಿಗೆಯಾಗಿರುತ್ತದೆ. ಇಂದು ಜಗತ್ತಿನ ಹೆಚ್ಚಿನ ಕಾರ್ಖಾನೆಗಳು ಕೊಡುವುದು ಒಳಗೆ ಸ್ಪಂಜನ್ನಿರಿಸಿದ ಪ್ಲಾಸ್ಟಿಕ್ಕಿನ ಪೆಟ್ಟಿಗೆಯನ್ನು. ಸಾಗಣೆಯಲ್ಲಿ ಪೆಟ್ಟು ತಗಲದಂತೆ ಕಾಯುವುದರಲ್ಲಿ ಅದು ಸಮರ್ಥವೇ ಸರಿ. ಆದರೆ ಸ್ಪಂಜು ತೇವವನ್ನು ಹಿಡಿದಿಟ್ಟುಕೊಂಡು ಲೋಹಕ್ಕೆ ಒತ್ತಿ ನಿಲ್ಲುವುದರಿಂದ ತಿಂಗಳುಗಟ್ಟಲೆ ಇಡುವುದಕ್ಕೆ ಅದು ತಕ್ಕುದಲ್ಲ. ಹದಮಾಡಿದ ತೊಗಲಿನ ಒರೆಯ ದೋಷವೂ ಇದೇ: ಹದಮಾಡುವಾಗ ಬಳಸಿದ ಆಮ್ಲ ಮತ್ತು ಲವಣಗಳ ಶೇಷ ತೇವದೊಡನೆ ಸೇರಿ ಉಕ್ಕನ್ನು ಕಚ್ಚುತ್ತದೆ. ಓಕ್ ಮರದಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ತಿಂದು ಬಿಳಿಯ ಪುಡಿಯಾಗಿಸುತ್ತದೆಂಬುದು ವಸ್ತುಸಂಗ್ರಹಾಲಯಗಳ ಸಂರಕ್ಷಕರೆಲ್ಲ ಬಲ್ಲ ಸಂಗತಿ. ಇವುಗಳಿಗೆ ಹೋಲಿಸಿದರೆ ಜಿಡ್ಡು ಬಳಿದು ಕಾಗದದಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿ ಹಾಕಿಡುವ ಸೈನ್ಯದ ಉಗ್ರಾಣದ ಪದ್ಧತಿ ನೋಟಕ್ಕೆ ದರಿದ್ರವಾಗಿ ಕಂಡರೂ ಗುಣದಲ್ಲಿ ಮಿಗಿಲು. ಎರಡನೆಯ ಮಹಾಯುದ್ಧದ ಕಾಲದಿಂದ ಈಚೆಗೆ ಬಳಕೆಗೆ ಬಂದ, ತುಕ್ಕು ತಡೆಯುವ ಆವಿಯನ್ನು ಬಿಡುವ ಕಾಗದವಂತೂ ಕೆಲವೇ ಕಾಸಿನ ಖರ್ಚಿನಲ್ಲಿ ಮಖಮಲ್ಲು ಮಾಡಲಾರದ ಕೆಲಸವನ್ನು ಮಾಡುತ್ತದೆ.

೩

ಪೆಟ್ಟಿಗೆ ಕಲಿಸಬಲ್ಲುದೆಂಬ ಮಾತಿಗೆ ಹದಿನೆಂಟನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗಿನ ಇಂಗ್ಲೆಂಡಿನ ಕೋವಿಗಾರರ ಕೆಲಸವೇ ನಿದರ್ಶನ. ವಾಗ್ಡನ್, ಮ್ಯಾಂಟನ್ ಮೊದಲಾದವರ ಜೋಡಿ ಪಿಸ್ತೂಲುಗಳು ಓಕ್ ಅಥವಾ ಮಹಾಗನಿ ಮರದ ಪೆಟ್ಟಿಗೆಯಲ್ಲಿ ಮಾರಾಟವಾಗುತ್ತಿದ್ದವು. ಒಳಗೆ ಹಸುರು ಬನಾತನ್ನು ಹೊದಿಸಿ ಪಿಸ್ತೂಲಿಗೊಂದು, ಮದ್ದಿನ ಬುಡ್ಡಿಗೊಂದು, ಗುಂಡು ಎರಕಹೊಯ್ಯುವ ಅಚ್ಚಿಗೊಂದು, ತಿರುಪುಳಿಗೊಂದು ಎಂದು ಖಾನೆಗಳನ್ನು ಹಂಚಿಡುತ್ತಿದ್ದರು. ಫ್ರಾನ್ಸಿನವರು ಪ್ರತಿಯೊಂದು ವಸ್ತುವಿನ ಆಕಾರಕ್ಕೆ ಸರಿಯಾಗಿ ತಗ್ಗು ಕೊರೆಯುತ್ತಿದ್ದರು. ಇಂಗ್ಲಿಷರು ನೇರವಾದ ಅಡ್ಡಹಲಗೆಗಳಿಂದ ತೃಪ್ತರಾಗಿದ್ದರು. ಮುಚ್ಚಳದ ಒಳಮೈಗೆ ತಯಾರಕನ ಹೆಸರು ವಿಳಾಸಗಳ ಚೀಟಿಯನ್ನು ಅಂಟಿಸುವುದು ರೂಢಿ. ಪೆಟ್ಟಿಗೆಯನ್ನು ತೆರೆದವನಿಗೆ ಯಾವ ಉಪಕರಣ ಕಾಣೆಯಾಗಿದೆಯೆಂಬುದು ಬರಿದಾದ ಖಾನೆಯಿಂದಲೇ ತಿಳಿಯುತ್ತಿತ್ತು. ಅಂಗಡಿ ಬೀದಿಯಿಂದ ಬೀದಿಗೆ ಸ್ಥಳ ಬದಲಾಯಿಸುತ್ತಿದ್ದುದರಿಂದ ಆ ವಿಳಾಸದ ಚೀಟಿ ಇಂದಿನ ಸಂಶೋಧಕನಿಗೆ ಕಾಲನಿರ್ಣಯದ ಸಾಧನವೂ ಆಗಿದೆ. ಶಾಸನಕ್ಕೆ ಕಲ್ಲು ಹೇಗೋ ಪಿಸ್ತೂಲಿಗೆ ಪೆಟ್ಟಿಗೆ ಹಾಗೆ.

ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಈ ಕುಶಲಕರ್ಮವನ್ನು ಕಾರ್ಖಾನೆಯ ಕರ್ಮವಾಗಿ ಮಾರ್ಪಡಿಸಿದನು. ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ತನ್ನ ರಿವಾಲ್ವರುಗಳನ್ನು ಮೆರೆಯಿಸಿ, ೧೮೫೩ರಲ್ಲಿ ಅಲ್ಲಿಯೇ ಕಾರ್ಖಾನೆ ತೆರೆದ ಈತನ ಪೆಟ್ಟಿಗೆಗಳಲ್ಲಿ ಮದ್ದು ತುಂಬುವ ಕ್ರಮವನ್ನು ತಿಳಿಸುವ ಮುದ್ರಿತ ಸೂಚನೆಯಿರುತ್ತಿತ್ತು. ಕಲಿಸುವ ಪೆಟ್ಟಿಗೆಯ ಪರಂಪರೆಯನ್ನು ಅವನು ಕೈಬಿಡಲಿಲ್ಲ. ಆದರೆ ಇದೇ ಕೋಲ್ಟನ ಕಾರ್ಖಾನೆಯಿಂದ ಮತ್ತೊಂದು ಬಗೆಯ ಪೆಟ್ಟಿಗೆಯೂ ಹೊರಬಂದಿತು. ಹೊರಗಿನಿಂದ ನೋಡಿದರೆ ರಟ್ಟು ಕಟ್ಟಿದ ಪುಸ್ತಕ. ಬೆನ್ನಿನ ಮೇಲೆ ಸಂವಿಧಾನವನ್ನು ಕುರಿತ ಗ್ರಂಥವೆಂಬಂತೆ ಶೀರ್ಷಿಕೆ. ತೆರೆದರೆ ಒಳಗೆ ಜೇಬಿನ ರಿವಾಲ್ವರ್. ಅಮೆರಿಕದ ಅಂತರ್ಯುದ್ಧದ ಹೊಸ್ತಿಲಲ್ಲಿ ಹುಟ್ಟಿದ ಈ ವಿನೋದದಲ್ಲಿ ಕಹಿಯಿದೆ. ನ್ಯಾಯಶಾಸ್ತ್ರದ ಪುಸ್ತಕವಿರಬೇಕಾದ ಕಪಾಟಿನಲ್ಲಿ ಆಯುಧವಿದ್ದಿತು. ಪೆಟ್ಟಿಗೆ ಸುಳ್ಳಾಡಲು ಕಲಿತುದಕ್ಕೆ ಇದೊಂದು ಪ್ರಸಿದ್ಧ ಉದಾಹರಣೆ.

ಗುಂಡೂ ಮದ್ದೂ ಒಂದೇ ಲೋಹದ ತೋಟಾದೊಳಗೆ ಸೇರಿದ ಮೇಲೆ ಬುಡ್ಡಿ, ಅಚ್ಚುಗಳ ಅಗತ್ಯ ತಪ್ಪಿತು. ಅದರೊಡನೆ ಖಾನೆಗಳ ಅಗತ್ಯವೂ ತಪ್ಪಿತು. ೧೮೯೬ರ ಮೌಸರ್ ಪಿಸ್ತೂಲಿನ ಮರದ ಒರೆಯನ್ನು ಹಿಡಿಗೆ ಸಿಕ್ಕಿಸಿ ಭುಜಕ್ಕೆ ಆನಿಸಬಹುದಾಗಿದ್ದುದು ಪೆಟ್ಟಿಗೆಯ ಚರಿತ್ರೆಯಲ್ಲಿ ಜಾಣ್ಮೆಯ ಒಂದು ಅಪವಾದ. ಉಳಿದಂತೆ ರಟ್ಟಿನ ಡಬ್ಬಿಯೂ ಆಮೇಲೆ ಪ್ಲಾಸ್ಟಿಕ್ಕೂ ಬಂದವು. ಪೆಟ್ಟಿಗೆಯ ಎರಡನೆಯ ಕರ್ತವ್ಯಕ್ಕೆ ಕಾನೂನಿನ ಬಲ ಬಂದುದು ತೀರ ಈಚೆಗೆ. ಅಮೆರಿಕದ ೨೦೦೫ರ ಶಾಸನದ ಪ್ರಕಾರ ಪರವಾನಗಿ ಪಡೆದ ವ್ಯಾಪಾರಿ ಕೈಕೋವಿಯನ್ನು ಮಾರುವಾಗ ಬೀಗವನ್ನಾಗಲಿ ಭದ್ರವಾದ ಪೆಟ್ಟಿಗೆಯನ್ನಾಗಲಿ ಜೊತೆಗೆ ಕೊಡಬೇಕು. ನಮ್ಮ ದೇಶದ ೨೦೧೬ರ ಆಯುಧ ನಿಯಮಗಳು, ಸಾರ್ವಜನಿಕ ಸ್ಥಳದಲ್ಲಿ ಕೈಕೋವಿಯನ್ನು ಒಯ್ಯುವವನು ಅದನ್ನು ತಕ್ಕ ಒರೆಯಲ್ಲಿ ಅಥವಾ ಚೀಲದಲ್ಲಿ ಪೂರ್ಣವಾಗಿ ಮುಚ್ಚಿ ಒಯ್ಯಬೇಕೆಂದು ವಿಧಿಸುತ್ತವೆ. ಹೊದಿಕೆಯೆಂಬುದು ಅಲಂಕಾರವಲ್ಲ, ಹೊಣೆ ಎಂಬ ತತ್ತ್ವ ಈ ಎರಡು ವಿಧಿಗಳಲ್ಲಿಯೂ ಅಡಗಿದೆ.

೪

ಈ ತತ್ತ್ವ ನಮ್ಮ ಜನಕ್ಕೆ ಹೊಸತೇನೂ ಅಲ್ಲ. ವಿರಾಟಪರ್ವದಲ್ಲಿ ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಕಟ್ಟಿ ಶಮೀವೃಕ್ಷದ ಮೇಲಿಟ್ಟು, ದಾರಿಹೋಕರು ಹತ್ತಿರ ಸುಳಿಯದಂತೆ ಅದರೊಡನೆ ಒಂದು ಹೆಣವನ್ನು ತೂಗುಹಾಕಿದ ಕಥೆ ಎಲ್ಲರಿಗೂ ತಿಳಿದದ್ದೇ. ಅದು ಮಾರುವೇಷವೇ, ಆದರೆ ಕಂಡವರನ್ನು ದೂರ ಸರಿಸುವ ಮಾರುವೇಷ. ತುಳುನಾಡಿನಲ್ಲಿ ದೈವದ ಕಡ್ಸಲೆಯೂ ಇತರ ಪರಿಕರಗಳೂ ಭಂಡಾರದ ಮನೆಯಲ್ಲಿರುತ್ತವೆ. ನೇಮದ ಕಾಲಕ್ಕೆ ಭಂಡಾರ ಇಳಿಯುವುದಕ್ಕೂ ಮರಳಿ ಒಳಸೇರುವುದಕ್ಕೂ ಕಟ್ಟಳೆಯುಂಟು. ಯಾರು ಮುಟ್ಟಬೇಕು, ಯಾವಾಗ ಹೊರತೆಗೆಯಬೇಕೆಂಬುದು ನಿಶ್ಚಿತ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂವನ್ನು ಮುಡಿಸಿ ಪೂಜಿಸಿ, ಅನಂತರ ಗುರಿಯಾಟಕ್ಕೆ ಒಯ್ಯುವರು; ಹಿಂದೆ ಬೇಟೆಗೂ ಒಯ್ಯುತ್ತಿದ್ದರು. ಈ ಮೂರು ಸಂದರ್ಭಗಳಲ್ಲಿಯೂ ಆಯುಧ ಒಳಗಿರುವ ಕಾಲಕ್ಕೂ ಹೊರಬರುವ ಕಾಲಕ್ಕೂ ನಡುವೆ ಒಂದು ಹೊಸ್ತಿಲನ್ನು ಕಲ್ಪಿಸಲಾಗಿದೆ. ಒಳ್ಳೆಯ ಪೆಟ್ಟಿಗೆ ಮಾಡಬೇಕಾದುದೂ ಇದನ್ನೇ.

ಹೊದಿಕೆ ಕಳೆದುಹೋದರೆ ಆಗುವ ನಷ್ಟಕ್ಕೆ ಶ್ರೀರಂಗಪಟ್ಟಣದ ಆಯುಧಗಳೇ ಸಾಕ್ಷಿ. ಟಿಪ್ಪು ಸುಲ್ತಾನನ ಕಮ್ಮಟಗಳಲ್ಲಿ ಸಿದ್ಧವಾದ, ಹುಲಿಯ ಮುಖವನ್ನೂ ಪಟ್ಟೆಯನ್ನೂ ಹೊತ್ತ ಕೋವಿ ಪಿಸ್ತೂಲುಗಳು ೧೭೯೯ರ ಮೇ ೪ರಂದು ಕೋಟೆ ಬಿದ್ದ ಮೇಲೆ ಕೊಳ್ಳೆಯಾಗಿ ಬ್ರಿಟನ್ನಿಗೆ ಹೋಗಿ, ಅರಮನೆಗಳಲ್ಲಿಯೂ ಹರಾಜಿನ ಅಂಗಡಿಗಳಲ್ಲಿಯೂ ಚದರಿಹೋದವು. ಕಂಪೆನಿಯ ಸೈನ್ಯದ ಮೇಜರ್ ಥಾಮಸ್ ಹಾರ್ಟ್ ಎಂಬವನು ಒಯ್ದಿದ್ದ ವಸ್ತುಗಳು ಇಂಗ್ಲೆಂಡಿನ ಬರ್ಕ್‌ಷೈರಿನ ಮನೆಯೊಂದರ ಅಟ್ಟದ ಮೇಲೆ ಸಿಕ್ಕಿ ೨೦೧೯ರಲ್ಲಿ ಹರಾಜಾದುವು. ಬೆಳ್ಳಿಯ ಕಟ್ಟುಗಳುಳ್ಳ ಕೋವಿಯೂ ಕತ್ತಿಗಳೂ ಅಡಕೆಯ ಕರಡಿಗೆಯೂ ಅವುಗಳಲ್ಲಿದ್ದುವು. ಅವನ್ನು ಸುತ್ತಿದ್ದುದು ವೃತ್ತಪತ್ರಿಕೆಯ ಹಾಳೆಯಿಂದ. ರಾಜ್ಯವೊಂದರ ಆಯುಧಶಾಲೆಯ ಹೆಮ್ಮೆ ಹಳೆಯ ಪತ್ರಿಕೆಯ ಹಾಳೆಯಲ್ಲಿ ಉಳಿದುಬಂದಿತು.

೫

ಇನ್ನು ಪ್ರಕೃತ ವಿಷಯ. ೨೦೧೨ರ ಡಿಸೆಂಬರ್ ೧೬ರಂದು ದೆಹಲಿಯಲ್ಲಿ ನಡೆದ ಅಮಾನುಷ ಕೃತ್ಯ ದೇಶವನ್ನೇ ಕಲಕಿದುದು ಸರ್ವವಿದಿತ. ಅದಕ್ಕೆ ಬಲಿಯಾದ ತರುಣಿಗೆ ಪತ್ರಿಕೆಗಳು ಕೊಟ್ಟ ‘ನಿರ್ಭಯಾ’ ಎಂಬ ಹೆಸರಿನ ಪರ್ಯಾಯವನ್ನೇ ಇಟ್ಟು, ಕಾನ್ಪುರದ ಸರಕಾರಿ ಆಯುಧ ಕಾರ್ಖಾನೆ ೨೦೧೪ರ ಜನವರಿಯಲ್ಲಿ ‘ನಿರ್ಭೀಕ್’ ಎಂಬ .೩೨ ಅಳತೆಯ ರಿವಾಲ್ವರನ್ನು ಸ್ತ್ರೀಯರಿಗಾಗಿ ಹೊರತಂದಿತು. ಟೈಟೇನಿಯಂ ಮಿಶ್ರಲೋಹವನ್ನು ಬಳಸಿದ ಇದರ ತೂಕ ಸುಮಾರು ೫೦೦ ಗ್ರಾಂ. ಆಗಿನ ಬೆಲೆ ೧,೨೨,೩೬೦ ರೂಪಾಯಿ. ಇದನ್ನು ಇರಿಸಿ ಕೊಟ್ಟುದು ಕಡುಗೆಂಪು ಬಣ್ಣದ ಒಡವೆಯ ಪೆಟ್ಟಿಗೆಯಲ್ಲಿ. ಭಾರತದ ಹೆಂಗಸರಿಗೆ ಆಭರಣ ಪ್ರಿಯವೆಂಬುದೇ ಇದಕ್ಕೆ ಕಾರ್ಖಾನೆಯ ಕಡೆಯಿಂದ ಬಂದ ಸಮರ್ಥನೆ.

ಬೆಲೆ ಸಾಮಾನ್ಯ ಸ್ತ್ರೀಯ ಕೈಗೆ ಎಟುಕದೆಂದೂ, ಕೋವಿ ಕೈಯಲ್ಲಿದ್ದ ಮಾತ್ರಕ್ಕೆ ಕ್ಷೇಮವಿಲ್ಲವೆಂದೂ ಆಗಲೇ ಅನೇಕರು ಆಕ್ಷೇಪಿಸಿದರು. ಪೆಟ್ಟಿಗೆಯನ್ನು ಕುರಿತು ನಕ್ಕವರೂ ಉಂಟು. ನಗುವುದು ಸುಲಭ; ವಿಮರ್ಶೆಗೆ ಅದು ಸಾಲದು. ಪೆಟ್ಟಿಗೆಯ ಪರವಾಗಿ ಹೇಳಬಹುದಾದ ಮಾತನ್ನು ಮೊದಲು ಹೇಳಿಬಿಡೋಣ. ನಮ್ಮ ಮನೆಗಳಲ್ಲಿ ಎಚ್ಚರಿಕೆಯಿಂದ ಬೀಗ ಹಾಕಿಡುವ ವಸ್ತುವೆಂದರೆ ಒಡವೆಯ ಕರಡಿಗೆ. ಕೀಲಿಕೈ ಯಾರ ಸೆರಗಿನಲ್ಲಿದೆಯೆಂಬುದು ಮನೆಮಂದಿಗೆಲ್ಲ ಗೊತ್ತಿರುತ್ತದೆ. ಆಯುಧಕ್ಕೂ ಅದೇ ಜಾಗರೂಕತೆ ದೊರೆಯಲೆಂದು ಬಯಸಿ ಈ ರೂಪವನ್ನು ಆರಿಸಿದ್ದರೆ ಅದನ್ನು ಅವಿವೇಕವೆನ್ನಲಾಗದು.

ಆದರೆ ಈ ವಾದ ನಾಲ್ಕು ಕರ್ತವ್ಯಗಳ ಮುಂದೆ ನಿಲ್ಲುವುದಿಲ್ಲ. ಟೈಟೇನಿಯಂ ಸುಲಭವಾಗಿ ತುಕ್ಕು ಹಿಡಿಯದ ಲೋಹವಾದುದರಿಂದ ಮೊದಲನೆಯ ಕರ್ತವ್ಯದ ಹೊರೆ ಇಲ್ಲಿ ಬಹಳಮಟ್ಟಿಗೆ ಇಳಿದಿದೆಯೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಪೆಟ್ಟಿಗೆಯ ಬೆಲೆ ಉಳಿದ ಮೂರರಲ್ಲಿ ಕಾಣಬೇಕು. ಎರಡನೆಯದನ್ನು ನೋಡಿದರೆ, ಮನೆಗೆ ನುಗ್ಗಿದ ಕಳ್ಳ ಮೊದಲು ಅರಸುವುದು ಒಡವೆಯ ಪೆಟ್ಟಿಗೆಯನ್ನು. ಮನೆಯ ಮಕ್ಕಳು ಆಸೆಯಿಂದ ತೆರೆದು ನೋಡುವುದೂ ಅದನ್ನೇ. ಶಮೀವೃಕ್ಷದ ಹೆಣ ಕೈಗಳನ್ನು ದೂರವಿಟ್ಟಿತು. ಕಡುಗೆಂಪು ಕರಡಿಗೆ ಕೈಗಳನ್ನು ಕರೆಯುತ್ತದೆ. ಮೂರನೆಯದಾಗಿ, ಒಡವೆಯ ಪೆಟ್ಟಿಗೆ ಕಲಿಸುವ ಶಿಸ್ತು ಮದುವೆ ಮುಂಜಿಗಳಂದು ತೆರೆದು ತೊಟ್ಟು ತೋರಿಸುವ ಶಿಸ್ತು. ಆಯುಧಕ್ಕೆ ಬೇಕಾದುದು ಅಭ್ಯಾಸ, ಶುಚಿ, ಮರೆ. ದಾರಿಯಲ್ಲಿ ಅಪಾಯ ಬಂದಾಗ ನೆರವಾಗಲೆಂದು ಕೊಂಡ ರಿವಾಲ್ವರ್ ಕಪಾಟಿನ ಕರಡಿಗೆಯಲ್ಲಿದ್ದರೆ ಪ್ರಯೋಜನವಿಲ್ಲ. ಅದನ್ನು ಹೊರಗೆ ಒಯ್ದರೆ ಕರಡಿಗೆ ಬರಿದಾಗಿ ಮನೆಯಲ್ಲಿಯೇ ಉಳಿಯುತ್ತದೆ. ಬೀದಿಯಲ್ಲಿ ಬೇಕಾದ ಒರೆಯ ಕೆಲಸಕ್ಕೆ ಅದು ಬಾರದು. ಹೀಗಿರುವಲ್ಲಿ ಈ ಪೆಟ್ಟಿಗೆ ಕೆಲಸಕ್ಕೆ ಬರುವುದು ಒಂದೇ ಒಂದು ಗಳಿಗೆಯಲ್ಲಿ: ಮಾರುವವನು ಕೊಳ್ಳುವವಳ ಮುಂದೆ ಮುಚ್ಚಳ ತೆರೆಯುವ ಗಳಿಗೆಯಲ್ಲಿ.

ನಾಲ್ಕನೆಯದೇ ಎಲ್ಲಕ್ಕಿಂತ ಗುರುತರ. ಕೋಲ್ಟನ ಪುಸ್ತಕದ ಪೆಟ್ಟಿಗೆ ಆಯುಧವನ್ನು ನ್ಯಾಯವೆಂದು ಹೆಸರಿಸಿತು; ಕಾನ್ಪುರದ ಪೆಟ್ಟಿಗೆ ಅದನ್ನು ಶೃಂಗಾರವೆಂದು ಹೆಸರಿಸುತ್ತದೆ. ಬೀದಿಯಲ್ಲಿ ನಿರಾತಂಕವಾಗಿ ನಡೆಯುವ ಹಕ್ಕನ್ನು ಪ್ರಜೆಯಾಗಿ ಕೇಳಿದವಳಿಗೆ ಆಭರಣದ ಗಿರಾಕಿಯೆಂಬ ಉತ್ತರ ದೊರೆಯಿತು. ಸತ್ತವಳ ನೆನಪಿನ ಹೆಸರನ್ನು ಹೊತ್ತ ವಸ್ತುವಿಗೆ ಗಾಂಭೀರ್ಯವಾದರೂ ಬೇಕಿತ್ತು. ಖಾಸಗಿ ವ್ಯಾಪಾರಿಯೊಬ್ಬನು ಹೀಗೆ ಮಾಡಿದ್ದರೆ ವ್ಯಾಪಾರದ ಚಪಲವೆಂದು ಬಿಡಬಹುದಾಗಿತ್ತು. ಮಾಡಿದುದು ಸರಕಾರದ ಕಾರ್ಖಾನೆ. ರಾಜ್ಯವು ತಾನು ಒದಗಿಸಬೇಕಾದ ರಕ್ಷಣೆಯನ್ನು ಪ್ರಜೆಯ ಕೈಗೆ ಮಾರಿ, ಮಾರಿದುದನ್ನು ಉಡುಗೊರೆಯಂತೆ ಕಟ್ಟಿಕೊಟ್ಟಿತೆಂಬ ಆಕ್ಷೇಪಕ್ಕೆ ಈ ಪೆಟ್ಟಿಗೆಯೇ ದಾಖಲೆ.

೬

ಆಯುಧ ಕಾರ್ಖಾನೆಗಳ ಮಂಡಳಿ ೨೦೨೧ರ ಅಕ್ಟೋಬರ್ ೧ರಂದು ವಿಸರ್ಜನೆಗೊಂಡು ಅದರ ಕಾರ್ಖಾನೆಗಳು ಏಳು ಸರಕಾರಿ ಕಂಪೆನಿಗಳಿಗೆ ಹಂಚಿಹೋದವು. ಹೆಸರು ಬದಲಾದರೂ ಕೈಕೋವಿಯ ತಯಾರಿಕೆ ನಿಂತಿಲ್ಲ. ಆದುದರಿಂದ ಸಲಹೆಗೂ ಅವಕಾಶವಿದೆ. ಬೀಗವಿರುವ ಗಟ್ಟಿಯಾದ ಸಾದಾ ಪೆಟ್ಟಿಗೆ, ತುಕ್ಕು ತಡೆಯುವ ಕಾಗದ, ಮುಚ್ಚಳದ ಒಳಮೈಯಲ್ಲಿ ಆಯಾ ರಾಜ್ಯದ ಭಾಷೆಯಲ್ಲಿ ಮುದ್ರಿಸಿದ ಎಚ್ಚರಿಕೆಯ ಮಾತು, ನಿಯಮಕ್ಕೆ ಒಪ್ಪುವ ಒಂದು ಒರೆ: ಇಷ್ಟಾದರೆ ಸಾಕು. ಮಖಮಲ್ಲಿನ ಖರ್ಚಿನಲ್ಲಿ ಇವೆಲ್ಲ ದೊರೆಯಬಲ್ಲವು.

ಚರಿತ್ರೆಯ ವಿದ್ಯಾರ್ಥಿಗಳಿಗೂ ಒಂದು ಮಾತು. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಬೆತ್ತಲೆ ಪಿಸ್ತೂಲನ್ನು ಕಂಡಾಗ ಅದರ ಉದ್ದಗಲಗಳನ್ನು ಬರೆದುಕೊಂಡು ತೃಪ್ತರಾಗಬಾರದು. ಅದು ಯಾವುದರೊಳಗೆ ಇತ್ತು, ಆ ಪೆಟ್ಟಿಗೆ ಎಲ್ಲಿ ಹೋಯಿತು, ಮುಚ್ಚಳದಲ್ಲಿ ಏನು ಬರೆದಿತ್ತು ಎಂದು ವಿಚಾರಿಸಬೇಕು. ಆಯುಧ ಏನು ಮಾಡಬಲ್ಲುದೆಂಬುದನ್ನು ಅದರ ನಳಿಗೆ ಹೇಳುತ್ತದೆ. ಅದನ್ನು ಮಾಡಿದವರು ಕೊಳ್ಳುವವರನ್ನು ಏನೆಂದು ಬಗೆದಿದ್ದರೆಂಬುದನ್ನು ಪೆಟ್ಟಿಗೆ ಹೇಳುತ್ತದೆ. ‘ನಿರ್ಭೀಕ್’ ರಿವಾಲ್ವರು ಮುಂದೊಂದು ದಿನ ಸಂಗ್ರಹಾಲಯವನ್ನು ಸೇರುವುದಾದರೆ ಅದನ್ನು ಅದರ ಕಡುಗೆಂಪು ಕರಡಿಗೆಯಲ್ಲಿಯೇ ಇರಿಸತಕ್ಕದ್ದು. ಕರಡಿಗೆಯಿಲ್ಲದೆ ಅದರ ಕಾಲದ ಕಥೆ ಅರ್ಧ ಮಾತ್ರ ತಿಳಿಯುತ್ತದೆ.